ಊಟ ಆತೇನ್ರಿ, ಸಿಯಾಟಲ್?

ಕಮಲಾಕ್ಷಿ ಹುಟ್ಟಿದ್ದು ಇಂಗ್ಲೆಂಡಿನ ಲೆಸ್ಟರ್ ಊರಿನಲ್ಲಿ, ಆದರೆ ಅವಳ ನಾಲಿಗೆ ಹುಟ್ಟಿದ್ದು ಗದಗಿನಲ್ಲಿ. ಅಪ್ಪ ಕಲ್ಮೇಶ್ ಲೆಸ್ಟರಿನ ಬನಿಯನ್ ಕಾರ್ಖಾನೆಯಲ್ಲಿ ಮಷಿನ್ ರಿಪೇರಿ ಮಾಡುತ್ತಿದ್ದರು, ಅವ್ವ ಆಸ್ಪತ್ರೆಯಲ್ಲಿ ನರ್ಸ್. ಇಬ್ಬರದೂ ಪಾಳಿ ಕೆಲಸ. ಮಗುವನ್ನು ನೋಡಿಕೊಳ್ಳಲು ಗದಗಿನಿಂದ ಅಜ್ಜಿ ಕಮಲವ್ವ ಬಂದಳು, ಬಂದವಳು ಅಲ್ಲೇ ಉಳಿದಳು. ಇಂಗ್ಲಿಷಿನ ಒಂದಕ್ಷರ ಬಾರದ ಆ ಮುದುಕಿ, ಟಿವಿಯಲ್ಲಿ ವಾರ್ತೆ ಓದುವವನು ಗುಡ್ ಈವ್ನಿಂಗ್ ಎಂದ ಕೂಡಲೇ ತಲೆಯ ಮೇಲೆ ಸೆರಗೆಳೆದುಕೊಂಡು ಊಟ ಆತೇನ್ರಿ ಎಂದು ವಿಚಾರಿಸುತ್ತಿದ್ದಳು. ಅವನು ಅದಕ್ಕೆ ಹಾಂ ಹೂಂ ಎನ್ನದೆ ಯುದ್ಧ, ಬಜೆಟ್ಟು ಎಂದು ಶುರುಹಚ್ಚಿಕೊಂಡರೆ ಇವಳಿಗೆ ಪಿತ್ತ ನೆತ್ತಿಗೇರುತ್ತಿತ್ತು. ದೊಡ್ಡ ಮನುಷ್ಯನೇ ಇರಬಹುದು, ಮಾತಿಗೆ ಮಾತು ಕೊಡಲು ಅವನಿಗೇನು ಧಾಡಿ ಎಂದು ಗೊಣಗುವಳು. ಪಕ್ಕದಲ್ಲಿ ಕೂತ ಮೊಮ್ಮಗಳು ಆಗಲೇ ತೀರ್ಮಾನ ಮಾಡಿಬಿಟ್ಟಳು, ತಾನು ದೊಡ್ಡವಳಾದ ಮೇಲೆ ಆ ಪೆಟ್ಟಿಗೆಯೊಳಗೆ ಕೂತು ಅಜ್ಜಿಗೆ ಉತ್ತರ ಕೊಡಬೇಕೆಂದು.

ಕೂತಳು ಕೂಡ. ಕಾಲೇಜು ಮುಗಿಸಿದವಳೇ ಊರಿನ ಪುಟ್ಟ ರೇಡಿಯೊಗೆ ಹೋಗಿ ಗಂಟುಬಿದ್ದಳು. ಇವಳ ಕಾಟ ತಾಳಲಾರದೆ ಅವರು ಟ್ರಾಫಿಕ್ ಸುದ್ದಿ ಹೇಳಲು ಬಿಟ್ಟರು. ರಿಂಗ್ ರೋಡಿನಲ್ಲಿ ಲಾರಿ ಕೆಟ್ಟು ನಿಂತ ವಿಷಯವನ್ನು ಇವಳು ಮನೆಯಲ್ಲಿ ಗಂಡು ಹುಟ್ಟಿದ ಸುದ್ದಿಯಂತೆ ಹೇಳುತ್ತಿದ್ದಳು, ಜನ ಟ್ರಾಫಿಕ್ಕಿನಲ್ಲಿ ಸಿಕ್ಕಿಕೊಂಡೇ ನಗುತ್ತಿದ್ದರು. ಅಲ್ಲಿಂದ ಟಿವಿಗೆ ಹೋದಳು. ಮೊದಲನೆಯ ದಿನವೇ, ರೈತರ ಸಂತೆಯ ನೇರ ಪ್ರಸಾರ ನಡೆಯುವಾಗ, ಬಹುಮಾನ ಗೆದ್ದ ಆಡೊಂದು ಇವಳ ಕೈಯಲ್ಲಿದ್ದ ಸ್ಕ್ರಿಪ್ಟನ್ನು ಕಿತ್ತುಕೊಂಡು ಅಗಿಯತೊಡಗಿತು. ಬೇರೆಯವರಾಗಿದ್ದರೆ ಅತ್ತು ಕರೆಯುತ್ತಿದ್ದರೇನೋ. ಇವಳು ಆಡಿನ ಬಾಯಿಗೆ ಮೈಕ್ ಹಿಡಿದು, ನಾನು ಓದಿದ್ದಕ್ಕಿಂತ ಇವರು ಚೆನ್ನಾಗಿ ಅರಗಿಸಿಕೊಂಡಿದ್ದಾರೆ, ಇವರನ್ನೇ ಕೇಳೋಣ ಎಂದಳು. ಅಷ್ಟೇ ಸಾಕಾಯಿತು. ಮುಂದೆ ವರ್ಷಗಟ್ಟಲೆ ಬೆಳಗಿನ ಕಾರ್ಯಕ್ರಮ ಅವಳದೇ. ತರಕಾರಿ ಅಂಗಡಿಗೆ ಹೋದರೆ ಗುರುತಿಲ್ಲದ ಹೆಂಗಸರು ತಬ್ಬಿಕೊಂಡು ತಮ್ಮ ಮಂಡಿನೋವು ಹೇಳಿಕೊಳ್ಳುತ್ತಿದ್ದರು. ಆಮೇಲೊಬ್ಬ ಹೊಸ ಬಾಸ್ ಬಂದ. ಬಂದವನು, ಹೊಸ ಮುಖ ಬೇಕು ಎಂದ. ಅವನ ತಲೆ! ಇವಳ ಮುಖಕ್ಕೆ ಏನಾಗಿತ್ತು ಎಂದು ನನ್ನನ್ನು ಕೇಳಿದರೆ ಏನೂ ಆಗಿರಲಿಲ್ಲ, ನಲವತ್ತೈದು ದಾಟಿತ್ತು, ಅಷ್ಟೇ.

ಅದೇ ಹೊತ್ತಿಗೆ ಗಂಡ ಅಶ್ವತ್ಥನಾರಾಯಣನಿಗೆ ಸಿಯಾಟಲ್ ಹತ್ತಿರದ ವಿಮಾನ ಕಾರ್ಖಾನೆಯಲ್ಲಿ ಕೆಲಸ ಸಿಕ್ಕಿತು. ಮೈಸೂರಿನವನು, ದಿನಕ್ಕೆ ನಾಲ್ಕು ಮಾತಾಡಿದರೆ ಹೆಚ್ಚು. ಅಲ್ಲಿನ ಕಡಲ ದಂಡೆಯ ಊರು ಮುಕಿಲ್ಟಿಯೊದಲ್ಲಿ ಮನೆ ಹಿಡಿದರು. ಅವನು ಆಫೀಸಿಗೆ ಹೋದರೆ ಇವಳು ಕಿಟಕಿಯ ಬಳಿ ನಿಂತು, ದ್ವೀಪಕ್ಕೆ ಹೋಗುವ ಫೆರಿಯನ್ನು ನೋಡಿ, ಇಂದು ಹನ್ನೆರಡರ ದೋಣಿ ತಡವಾಗಿ ಹೊರಟಿದೆ ಎಂದು ಗೋಡೆಗೆ ಸುದ್ದಿ ಓದುತ್ತಿದ್ದಳು. ಒಂದು ದಿನ ಬೇಗ ಮನೆಗೆ ಬಂದ ಗಂಡ ಇದನ್ನು ಕೇಳಿಸಿಕೊಂಡ. ಮರುವಾರ ಕರ್ಕ್‌ಲ್ಯಾಂಡಿನ ಒಂದು ಸಣ್ಣ ಸಮುದಾಯ ರೇಡಿಯೊದಲ್ಲಿ ಭಾನುವಾರ ಮಧ್ಯಾಹ್ನ ಒಂದು ಗಂಟೆಯ ಕನ್ನಡ ಕಾರ್ಯಕ್ರಮಕ್ಕೆ ಜಾಗ ಕೇಳಿಕೊಂಡು ಬಂದ. ಅಷ್ಟೊಂದು ಮಾತು ಅವನು ಮದುವೆ ಕೇಳಲು ಬಂದಾಗಲೂ ಆಡಿರಲಿಲ್ಲ.

ಆದರೆ ಕಾರ್ಯಕ್ರಮ ಶುರುವಾಗುವ ಮೊದಲೇ ಎಡವಟ್ಟಾಯಿತು. ಕನ್ನಡ ಸಂಘದ ಸಂಕ್ರಾಂತಿಗೆ ಹೋದಾಗ ಕಮಲಾಕ್ಷಿ ಬಾಯಿ ತೆರೆದಳು ನೋಡಿ, ಗದಗಿನ ಕನ್ನಡ, ಅದಕ್ಕೆ ಲೆಸ್ಟರಿನ ರಾಗ. ಬೆಂಗಳೂರಿನ ಸಾಫ್ಟ್‌ವೇರ್ ಮಂದಿ ಹೊಟ್ಟೆ ಹಿಡಿದುಕೊಂಡು ನಕ್ಕರು. ಕೆಟ್ಟ ಮನಸ್ಸಿನಿಂದ ನಕ್ಕಿದ್ದಲ್ಲ, ಇನ್ನೊಮ್ಮೆ ಹೇಳಿ ಆಂಟಿ ಎಂದು ಪ್ರೀತಿಯಿಂದಲೇ ಕೇಳಿದರು. ಆದರೂ ಇವಳಿಗೆ ಚುರುಕ್ ಎಂದಿತು. ಮುಖ ಹಳೆಯದಾಯಿತು ಎಂದು ಅಲ್ಲಿ ಕಳಿಸಿದರು, ನಾಲಿಗೆ ತಮಾಷೆಯಾಗಿದೆ ಎಂದು ಇಲ್ಲೂ ಕಳಿಸಿದರೆ ತನಗೆ ಉಳಿಯುವುದೇನು? ಹೆದರಿ, ರೇಡಿಯೊಗೆ ಗ್ರಂಥದ ಕನ್ನಡದಲ್ಲಿ ಬರೆಸಿಕೊಂಡು ಓದತೊಡಗಿದಳು. ಕೇಳುಗ ಮಹನೀಯರಿಗೆ ಸಾದರ ಪ್ರಣಾಮಗಳು ಎಂದು ಆರಂಭ, ತಮ್ಮ ಅಮೂಲ್ಯ ಅಭಿಪ್ರಾಯಗಳನ್ನು ದೂರವಾಣಿಯ ಮೂಲಕ ತಿಳಿಸಬೇಕಾಗಿ ವಿನಂತಿ ಎಂದು ಮುಕ್ತಾಯ. ಯಾರು ತಿಳಿಸುತ್ತಾರೆ? ಚಳಿಗಾಲ ಹೋಗಿ ಬೇಸಿಗೆ ಬಂತು, ಒಂದೇ ಒಂದು ಫೋನ್ ಬರಲಿಲ್ಲ. ಫೋನ್ ನೋಡಿಕೊಳ್ಳುತ್ತಿದ್ದ ಮಧು ವಾರವಿಡೀ ಕಂಪ್ಯೂಟರ್ ಕೆಲಸ ಮಾಡಿ ಭಾನುವಾರ ಪುಕ್ಕಟೆ ದುಡಿಯಲು ಬರುವ ಪುಣ್ಯಾತ್ಮ. ಅವನು ಕಾರ್ಯಕ್ರಮದ ನಡುವೆ ಸಣ್ಣದೊಂದು ನಿದ್ದೆ ತೆಗೆಯುವುದನ್ನು ರೂಢಿ ಮಾಡಿಕೊಂಡ.

ಸ್ಟೇಷನ್ ನೋಡಿಕೊಳ್ಳುವ ಲಿಂಡಾ ಒಳ್ಳೆಯವಳು, ಆದರೆ ಅವಳಾದರೂ ಏನು ಮಾಡಿಯಾಳು? ಒಂದು ಭಾನುವಾರ ಕಮಲಾಕ್ಷಿಯನ್ನು ಕರೆದು, ಕೇಳುವವರು ಯಾರಾದರೂ ಇದ್ದಾರೆಂದು ಇವತ್ತಾದರೂ ಗೊತ್ತಾಗದಿದ್ದರೆ ಈ ಗಂಟೆಯನ್ನು ಹಕ್ಕಿಗಳ ಕೂಗಿನ ಕಾರ್ಯಕ್ರಮಕ್ಕೆ ಕೊಡಬೇಕಾಗುತ್ತದೆ ಎಂದಳು. ಹಕ್ಕಿಗಳಿಗೆ ಕೇಳುಗರಿದ್ದಾರೆ, ತನಗಿಲ್ಲ! ಕಮಲಾಕ್ಷಿ ಮೈಕಿನ ಮುಂದೆ ಕೂತಳು. ಇದೇ ಕೊನೆಯ ಮೈಕ್ ಎಂದು ಅವಳಿಗೆ ಖಾತ್ರಿಯಾಗಿತ್ತು. ಈ ವಯಸ್ಸಿನಲ್ಲಿ, ಈ ನಾಲಿಗೆಗೆ, ಇನ್ನು ಯಾರು ಮೈಕ್ ಕೊಡುತ್ತಾರೆ? ಕೇಳುಗ ಮಹನೀಯರಿಗೆ ಎಂದು ಓದಲು ಹೋದರೆ ಆ ಮಹನೀಯರ ಮೇಲೆಲ್ಲ ಒಮ್ಮೆಲೇ ಸಿಟ್ಟು ಬಂತು. ಹಾಳೆಯನ್ನು ಮಡಚಿ ಅದರ ಮೇಲೆ ಕೂತುಬಿಟ್ಟಳು.

"ಏನ್ರೀ, ಎಲ್ಲಾರದೂ ಊಟ ಆತೇನ್ರಿ?" ಎಂದಳು. "ಯಾರರ ಇದ್ದೀರೋ ಇಲ್ಲೋ? ಇದ್ರ ಒಂದ ಮಾತ ಹೇಳ್ರಿ. ನಾ ಎಷ್ಟಂತ ಗ್ವಾಡಿ ಜೋಡಿ ಮಾತಾಡ್ಲಿ?"

ಫೋನ್ ಹೊಡೆದುಕೊಂಡಿತು. ಮಧು ನಿದ್ದೆಯಿಂದ ಎದ್ದ ರಭಸಕ್ಕೆ ಕುರ್ಚಿಯಿಂದ ಜಾರಿ, ನೆಲದ ಮೇಲಿಂದಲೇ ಗುಂಡಿ ಒತ್ತಿದ.

ಪಕ್ಕದ ಕಣಿವೆಯ ಊರು ಡುವಾಲ್‌ನಿಂದ ಶಾಮಣ್ಣ ಎಂಬ ಹಿರಿಯರು. ಒಂದು ಕಾಲದಲ್ಲಿ ಇಲ್ಲಿನ ಯೂನಿವರ್ಸಿಟಿಗೆ ಓದಲು ಬಂದು, ವಿಮಾನದ ರೆಕ್ಕೆಗಳ ಲೆಕ್ಕ ಹಾಕುತ್ತ ನಿವೃತ್ತರಾದವರು. ನಮ್ಮವರಲ್ಲಿ ಊಟ ಆಯ್ತಾ ಎಂದರೆ ಆಯ್ತು ಎನ್ನುವುದು ಕ್ರಮ. ಹಸಿವಿನಿಂದ ಕಣ್ಣು ಕತ್ತಲಿಡುತ್ತಿದ್ದರೂ ಆಯ್ತು, ನಿಮ್ಮದು ಎನ್ನಬೇಕು. ಆದರೆ ಶಾಮಣ್ಣ ಜೀವಮಾನದಲ್ಲಿ ಒಂದು ಸುಳ್ಳು ಉತ್ತರ ಕೊಟ್ಟವರಲ್ಲ.

"ಇಲ್ಲಮ್ಮ," ಎಂದರು. "ನಿನ್ನೆ ರಾತ್ರಿಯಿಂದ ನಾನೂ ನಮ್ಮನೆಯವರೂ ಏನೂ ತಿಂದಿಲ್ಲ. ಒಲೇನೇ ಹಚ್ಚಿಲ್ಲ. ಯಾಕಂದ್ರೆ ಇವತ್ತು..."

ಅಷ್ಟಕ್ಕೇ ಲೈನ್ ಕಡಿಯಿತು. ಡುವಾಲ್ ಕಣಿವೆಯಲ್ಲಿ ಮೊಬೈಲ್ ಸಿಗ್ನಲ್ಲಿನ ಹಣೆಬರಹವೇ ಅಷ್ಟು. ಮಧು ಮತ್ತೆ ಮತ್ತೆ ಫೋನ್ ಮಾಡಿದ, ಸಿಗಲಿಲ್ಲ. ಕಮಲಾಕ್ಷಿ ಹೌಹಾರಿದಳು. ಮುದುಕರಿಬ್ಬರು, ನಿನ್ನೆಯಿಂದ ಉಪವಾಸ, ಮನೆಯಲ್ಲಿ ಒಲೆಯಿಲ್ಲ! ಶಾಮಣ್ಣನವರ ಮನೆ ಗೊತ್ತಿದ್ದವರು ಯಾರಾದರೂ ಹೋಗಿ ಒಂದು ತುತ್ತು ಮುಟ್ಟಿಸಿ ಎಂದು ಗದಗಿನ ಕನ್ನಡದಲ್ಲಿ ಗೋಗರೆದಳು.

ತಗೊಳ್ಳಿ, ಅಲ್ಲಿಂದ ಶುರುವಾಯಿತು. ಕರ್ಕ್‌ಲ್ಯಾಂಡಿನಿಂದ ಜಾಹ್ನವಿ ಎಂಬಾಕೆ ಫೋನ್ ಮಾಡಿ, ಅವರ ಮನೆ ನನಗೆ ಗೊತ್ತು, ಕುಂಬಳಕಾಯಿ ತೋಟದ ಪಕ್ಕದ್ದು, ಬಿಸಿಬೇಳೆಬಾತ್ ಕುಕ್ಕರ್ ಸಮೇತ ಹೊರಟೆ ಎಂದಳು. ಅವಳು ಫೋನ್ ಇಡುವುದರೊಳಗೆ ಇನ್ನೊಬ್ಬರು ಚಿತ್ರಾನ್ನ. ಇನ್ನೊಬ್ಬರು ಮೊಸರನ್ನ. ಮತ್ತೊಬ್ಬರು, ತಾವೂ ಬಿಸಿಬೇಳೆಬಾತೇ ಮಾಡಿದ್ದು, ಜಾಹ್ನವಿಯವರದು ಬೇಡ, ತಮ್ಮದರಲ್ಲಿ ತುಪ್ಪ ಜಾಸ್ತಿ ಇದೆ ಎಂದು ವಾದಕ್ಕೆ ನಿಂತರು. ಒಬ್ಬ ಬ್ರಹ್ಮಚಾರಿ ಅಳುದನಿಯಲ್ಲಿ, ನನ್ನ ಹತ್ರ ಬ್ರೆಡ್ ಮಾತ್ರ ಇದೆ, ತರಬಹುದಾ ಎಂದು ಕೇಳಿದ. ಕಣಿವೆಯ ರಸ್ತೆಯಲ್ಲಿ ಕಾರುಗಳು ಸಾಲುಗಟ್ಟಿದವು, ಮುಂದೊಂದು ಟ್ರಾಕ್ಟರ್, ಹಿಂದೆ ಹತ್ತಾರು ಕನ್ನಡಿಗರು, ಎಲ್ಲರ ಮಡಿಲಲ್ಲೂ ಪಾತ್ರೆ. ಅವರೆಲ್ಲ ಕಾರಿನಿಂದಲೇ ರೇಡಿಯೊಗೆ ವರದಿ ಕೊಡುತ್ತಿದ್ದರು. ಕಮಲಾಕ್ಷಿ ಕುರ್ಚಿಯಿಂದ ಎದ್ದು ನಿಂತೇ ಬಿಟ್ಟಿದ್ದಳು. ಚಿತ್ರಾನ್ನ ಮುಂದದ, ಬಿಸಿಬೇಳೆ ಹಿಂದ ಬಿದ್ದದ, ಟ್ರಾಕ್ಟರಿನವ ಬಾಜೂಕ ಸರಿಯಾಕತ್ತಾನ ಎಂದು ಕುಸ್ತಿ ಕಾಮೆಂಟರಿ ಕೊಡತೊಡಗಿದಳು. ಗಾಬರಿಯಾದ ಲಿಂಡಾ ಓಡಿ ಬಂದು ಭೂಕಂಪವೇನಾದರೂ ಆಯಿತೇ ಎಂದು ಕೇಳಿದಳು. ಇಲ್ಲ, ಒಬ್ಬರ ಊಟ ಆಗಿಲ್ಲ ಎಂದ ಮಧು. ಲಿಂಡಾ ಮಿನುಗುವ ಫೋನ್ ದೀಪಗಳನ್ನು ನೋಡಿದಳು, ಮುಂದಿನ ಜಾಝ್ ಕಾರ್ಯಕ್ರಮದವನನ್ನು ಕಾಫಿ ಕುಡಿದು ಬರಲು ಕಳಿಸಿದಳು.

ಅಷ್ಟು ಹೊತ್ತೂ ರೇಡಿಯೊದ ಲೈನ್ ಸಿಗದೆ, ಕೊನೆಗೆ ಮನೆಯ ಲ್ಯಾಂಡ್‌ಲೈನಿನಿಂದ ಶಾಮಣ್ಣನವರ ಹೆಂಡತಿ ಅಲಮೇಲು ಫೋನ್ ಮಾಡಿದರು.

"ಯಾರಮ್ಮಾ ನೀನು? ಇವತ್ತು ಏಕಾದಶಿ. ನಾವು ಉಪವಾಸ. ನಮ್ಮ ಅಂಗಳದಲ್ಲಿ ಮೂವತ್ತು ಜನ ಅನ್ನ ಹಿಡ್ಕೊಂಡು ನಿಂತಿದ್ದಾರೆ."

ಏಕಾದಶಿ! ಗದಗಿನ ಅಜ್ಜಿಯ ಮನೆಯಲ್ಲಿ ಸೋಮವಾರದ ಉಪವಾಸ ಗೊತ್ತು, ಏಕಾದಶಿ ಯಾರಿಗೆ ಗೊತ್ತಿತ್ತು? ಎದ್ದು ನಿಂತಿದ್ದ ಕಮಲಾಕ್ಷಿ ಕುರ್ಚಿಯಲ್ಲಿ ಕೂತಳು. ಊರಿಗೆ ಊರನ್ನೇ ಓಡಿಸಿ ಮಂಗ ಮಾಡಿದೆ, ಮುಗಿಯಿತು ತನ್ನ ಕತೆ ಎಂದುಕೊಂಡಳು. ತಪ್ಪಾತ್ರೀ ಅವ್ವಾರ ಎಂದಳು.

"ತಪ್ಪು ಒಪ್ಪು ಆಮೇಲೆ," ಎಂದರು ಅಲಮೇಲು. "ಮನೆಗೆ ಬಂದವರನ್ನ ಊಟ ಹಾಕದೆ ಕಳಿಸೋಕಾಗತ್ತಾ? ತಟ್ಟೆ ಸಾಲಲ್ಲ. ಇನ್ನು ಬರೋರಿಗೆ ತಟ್ಟೆ ತರೋಕೆ ಹೇಳು."

ಹೇಳಿದಳು. ಹೇಳಿ, ಮೈಕ್ ಜಾಝಿನವನಿಗೆ ಒಪ್ಪಿಸಿ, ಕೆಳಗೆ ಕಾರಿನಲ್ಲಿ ಕಾದಿದ್ದ ಗಂಡನೊಡನೆ ಡುವಾಲ್‌ಗೆ ಹೊರಟಳು. ಮುಖ ತೋರಿಸಿ ಕ್ಷಮೆ ಕೇಳದಿದ್ದರೆ ಆಗದು ಎಂದಳು. ಅಶ್ವತ್ಥನಾರಾಯಣ ದಾರಿಯುದ್ದಕ್ಕೂ ನಕ್ಕ. ಅವನು ಹಾಗೆ ನಕ್ಕಿದ್ದನ್ನು ಅವಳು ನೋಡಿದ್ದೇ ಮೊದಲು.

ಅಂಗಳದಲ್ಲಿ ಜಾತ್ರೆಯೋ ಜಾತ್ರೆ. ಶಾಮಣ್ಣ ಹೆಗಲಿಗೆ ಟವೆಲ್ ಹಾಕಿಕೊಂಡು, ಒಂದಗುಳು ಬಾಯಿಗಿಡದೆ, ಪ್ರತಿ ಪಾತ್ರೆಯನ್ನೂ ಮೂಗಿನಿಂದಲೇ ಪರೀಕ್ಷಿಸಿ ಇದಕ್ಕೆ ಇಂಗು ಕಡಿಮೆ, ಇದು ಪರವಾಗಿಲ್ಲ ಎನ್ನುತ್ತ ಬಡಿಸುತ್ತಿದ್ದರು. ಕಮಲಾಕ್ಷಿ ತಲೆ ತಗ್ಗಿಸಿ ಸಾಲಿನಲ್ಲಿ ನಿಂತಳು. ಯಾರೂ ತಿರುಗಿ ನೋಡಲಿಲ್ಲ, ರೇಡಿಯೊದ ದನಿ ಈ ಮುಖದ್ದೆಂದು ಅಲ್ಲಿ ಯಾರಿಗೆ ಗೊತ್ತು? ಜಾಹ್ನವಿ ತಟ್ಟೆಗೆ ರಾಶಿ ಬಿಸಿಬೇಳೆಬಾತ್ ಸುರಿದಳು.

"ಸಾಕ್ರೀ, ಇಷ್ಟ್ಯಾಕ್ರೀ," ಎಂದಳು ಕಮಲಾಕ್ಷಿ.

ಆ ದನಿ ಕೇಳಿ ಅಂಗಳದ ತಲೆಗಳೆಲ್ಲ ತಿರುಗಿದವು. ಶಾಮಣ್ಣ ಸೌಟು ಹಿಡಿದುಕೊಂಡೇ ಅವಳ ಬಳಿ ಬಂದರು. ಬೈಯುತ್ತಾರೆ ಎಂದು ಅವಳು ಕಣ್ಣು ಮುಚ್ಚಿಕೊಂಡಳು.

"ಶುರುವಿಂದ ಕೇಳ್ತಿದೀನಮ್ಮ, ಒಂದು ಭಾನುವಾರಾನೂ ಬಿಟ್ಟಿಲ್ಲ," ಎಂದರು ಶಾಮಣ್ಣ. "ಯಾರೋ ಪಾಠ ಒಪ್ಪಿಸ್ತಿದಾರೆ, ಅವರಿಗೆ ನಾವೇನು ಹೇಳೋದು ಅಂತ ಸುಮ್ಮನಿದ್ದೆ. ಇವತ್ತು ನೀನು ನನ್ನ ಊಟ ಕೇಳ್ದೆ. ಅದಕ್ಕೇ ಫೋನ್ ಮಾಡ್ದೆ."

ನಾವೂ ಕೇಳ್ತಿದ್ವಿ ಎಂದರು ಯಾರೋ. ನಾವೂ, ಅಡುಗೆ ಮಾಡ್ತಾ, ಎಂದರು ಇನ್ನೊಬ್ಬರು. ಬ್ರೆಡ್ಡಿನ ಹುಡುಗ, ನಾನು ಪ್ರತಿ ವಾರ ಬಟ್ಟೆ ಒಗೀತಾ ಕೇಳ್ತೀನಿ ಆಂಟಿ ಎಂದ. ಆ ಚಳಿಗಾಲವಿಡೀ, ತಾನು ಗೋಡೆಗೆ ಓದುತ್ತಿದ್ದೇನೆ ಎಂದುಕೊಂಡ ಅಷ್ಟೂ ಭಾನುವಾರ, ಇಷ್ಟೂ ಜನ ಆ ಕಡೆ ಕೂತಿದ್ದರು. ಕಮಲಾಕ್ಷಿ ತುತ್ತನ್ನು ಬಾಯಿಗಿಟ್ಟಳು, ಕಣ್ಣಲ್ಲಿ ಧಾರಾಕಾರ ನೀರು ಇಳಿಯತೊಡಗಿತು.

ಅದನ್ನು ಕಂಡ ಅಲಮೇಲು ಜಾಹ್ನವಿಯ ಕಡೆ ತಿರುಗಿ ರೇಗಿದರು. "ಇಷ್ಟು ಖಾರ ಹಾಕ್ತಾರೇನೇ? ನೋಡು, ಪಾಪ, ಎಷ್ಟು ನೀರು ಬರ್ತಿದೆ."

ಜಾಹ್ನವಿ ಸಾರಿ ಆಂಟಿ ಎಂದು ನಾಲಿಗೆ ಕಚ್ಚಿಕೊಂಡಳು. ಕಮಲಾಕ್ಷಿ ಮೂಗು ಒರೆಸಿಕೊಂಡು ತಟ್ಟೆ ಮುಂದೆ ಚಾಚಿದಳು.

"ಇರ್ಲಿ ಬಿಡ್ರೀ," ಎಂದಳು. "ಇನ್ನೊಂದೀಟು ಹಾಕ್ರಿ."