ಮೀನಿನ ಕಣ್ಣು ಬೆಳ್ಳಗಾಗುವ ಮೊದಲು

ಅರವತ್ತರ ದಶಕದಲ್ಲಿ ನಾವು ಅಣಶಿಯಲ್ಲಿದ್ದೆವು. ಬೇಸಿಗೆಯಲ್ಲಿ ಊರಿನವರು ಹಳ್ಳದ ಮಡುವಿಗೆ ಕಾರೆಕಾಯಿ ಜಜ್ಜಿ ಹಾಕುತ್ತಿದ್ದರು. ಅದರ ವಿಷಕ್ಕೆ ಮೀನು ಅಮಲೇರಿ ತೇಲುತ್ತಿತ್ತು. ಅಂಥ ಮೀನನ್ನು ಕಣ್ಣು ಸುಣ್ಣದಂತೆ ಬೆಳ್ಳಗಾಗುವವರೆಗೆ ಬೇಯಿಸದೆ ಯಾರೂ ಬಾಯಿಗಿಡುತ್ತಿರಲಿಲ್ಲ.

ಒಂದು ದಿನ ಅವ್ವ ನೀರಿಗೆ ಹೋಗಿದ್ದಾಗ ಅಪ್ಪ ಒಲೆಯ ಮೇಲಿನ ಗಡಿಗೆಯಿಂದ ಅಂಥ ಮೀನೊಂದನ್ನು ತೆಗೆದು ಬೆರಳಿನಿಂದ ಒತ್ತಿದ. ಮಾಂಸ ಮುಳ್ಳು ಬಿಟ್ಟು ಬಂತು. ಬೆಂದಿದೆ ಎಂದುಕೊಂಡು ಅರ್ಧ ತಿಂದ. ಆದರೆ ಬಹಳ ಹೊತ್ತು ಬಿಸಿಲಲ್ಲಿ ಬಿದ್ದಿದ್ದ ಮೀನಿನ ಮಾಂಸ ಹಸಿಯಿದ್ದಾಗಲೂ ಹಾಗೆಯೇ ಬಿಡುತ್ತದೆ.

ಒಳಗೆ ಬಂದ ಅವ್ವ ತಟ್ಟೆಯಲ್ಲಿದ್ದ ತಲೆಯನ್ನು ನೋಡಿದಳು. ಕಣ್ಣು ಮಬ್ಬಾಗಿತ್ತೇ ಹೊರತು ಬೆಳ್ಳಗಾಗಿರಲಿಲ್ಲ.

"ನುಂಗಿದ್ರೇನ್ರಿ?"

"ನುಂಗದ ಏನ್ ಮಾಡ್ಲಿ, ಪೂಜಿ ಮಾಡ್ಲೇನು?"

ಅವ್ವ ನಗಲಿಲ್ಲ. ಉಪ್ಪುನೀರು ಕುಡಿಸಿ ವಾಂತಿ ಮಾಡಿಸಿದಳು. ಆಮೇಲೆ ಅಪ್ಪ ಚಾಪೆಯ ಮೇಲೆ ಅಂಗಾತ ಮಲಗಿದ. ನಾನು ಅವನ ತುಟಿಗಳನ್ನೇ ನೋಡುತ್ತ ಕುಳಿತೆ. ಅವು ನೀಲಿಯಾಗುತ್ತಿವೆ ಎಂದು ಮತ್ತೆ ಮತ್ತೆ ಅನ್ನಿಸುತ್ತಿತ್ತು. ಹತ್ತಿರ ಹೋಗಿ ನೋಡಿದರೆ ಆಗಿರುತ್ತಿರಲಿಲ್ಲ.

ಹೊತ್ತು ಇಳಿದಾಗ ಅಪ್ಪ, "ಹಸಿವಾಗೇತಿ, ಗಂಜಿ ಐತೇನು?" ಎಂದ. ಆಗ ಅವ್ವ ಗೋಡೆಗೆ ಒರಗಿ ಅಳತೊಡಗಿದಳು.