ಬೇಲಿಯಾಚೆಯ ‘ಆದ್ಯೂ’

ಗಂಡನೊಡನೆ ಇಲ್ಲಿಗೆ ಬಂದ ಮೊದಲ ದಿನ ಬೆಳಿಗ್ಗೆ ಕಿಟಕಿ ತೆರೆದರೆ ಎದುರಿನ ಮರಗಳಿಗೆಲ್ಲ ಮಣ್ಣಿನ ಕುಡಿಕೆ ಕಟ್ಟಿದ್ದರು. ನಮ್ಮ ಮಂಗಳೂರಿನಲ್ಲಿ ಕಳ್ಳಿನ ಮಡಕೆ ಮರದ ತುದಿಯಲ್ಲಿರುತ್ತದೆ. ಇಲ್ಲಿ ಅದು ಮೊಣಕಾಲಿನ ಎತ್ತರದಲ್ಲಿತ್ತು. ದಾರಿಹೋಕರೆಲ್ಲ ಕುಡಿದು ಹೋಗುವುದಿಲ್ಲವೇ ಎಂದು ಕೇಳಿ ನಮ್ಮವರನ್ನು ನಗಿಸಿದೆ. ಅದು ಪೈನ್ ಮರದ ಅಂಟಂತೆ, ಟರ್ಪೆಂಟೈನ್ ಮಾಡುವುದಕ್ಕೆ.

ನಮ್ಮವರ ಮನೆಮಾತು ನನ್ನದೇ ಕೊಂಕಣಿಯಾದರೂ ಹುಟ್ಟಿ ಓದಿದ್ದು ಪಾಂಡಿಚೇರಿಯಲ್ಲಿ. ಆ ಊರು ಫ್ರೆಂಚರ ಕೈಬಿಟ್ಟಾಗ ಅಂಚೆ ಕಚೇರಿಯಲ್ಲಿದ್ದ ಇವರು ಫ್ರಾನ್ಸಿನ ಪೌರತ್ವವನ್ನೇ ಉಳಿಸಿಕೊಂಡರು. ವರ್ಗವಾಗಿದ್ದು ಫ್ರಾನ್ಸಿನ ನೈಋತ್ಯ ಮೂಲೆಯ ಈ ಕಾಡಿನ ಹಳ್ಳಿಗೆ. ಇರುವುದು ಮೂವತ್ತು ಮನೆ, ಒಂದು ಇಗರ್ಜಿ, ಒಂದು ಅಂಚೆ ಕಚೇರಿ, ಒಂದು ರೊಟ್ಟಿಯಂಗಡಿ. ಗುಡ್ಡವಿಲ್ಲ, ಹೊಳೆಯಿಲ್ಲ, ಮರಳು ನೆಲ, ಸಾಲುಸಾಲು ಮರ. ಗಾಳಿ ಬೀಸಿದಾಗ ಮಾತ್ರ ಉಳ್ಳಾಲದ ಕಡಲು ಮೊರೆದಂತೆ ಕೇಳುತ್ತದೆ. ಎದ್ದು ಹೊರಗೆ ಹೋದರೆ ಮತ್ತೆ ಅದೇ ಮರಗಳು.

ಕುಚ್ಚಲಕ್ಕಿಯ ಗಂಜಿ ಇಲ್ಲ, ಬಂಗುಡೆಯ ಹೆಸರೂ ಇಲ್ಲ. ಹುಳಿ ಸೊಪ್ಪೊಂದನ್ನು ಹುಣಸೆಯ ಬದಲು ಅರೆದು ಸಾರು ಮಾಡಿದ ದಿನ ರಾಜ್ಯ ಗೆದ್ದಷ್ಟು ಹಿಗ್ಗಿದೆ. ಆದರೆ ನಾಲಿಗೆಗಿಂತ ಹೆಚ್ಚು ಒಣಗಿದ್ದು ಮಾತು. ಇವರು ಕಚೇರಿಗೆ ಹೋದರೆ ಸಂಜೆಯವರೆಗೆ ನನ್ನೊಡನೆ ಮಾತಾಡುವವರು ಯಾರೂ ಇರಲಿಲ್ಲ.

ಪಕ್ಕದ ಮನೆಯಲ್ಲಿ ಮಾರ್ತ್ ಎಂಬ ವಿಧವೆ ಇದ್ದಳು. ಬೆಳಿಗ್ಗೆ ಅಂಟು ತುಂಬುವ ಬಕೆಟ್ ಹಿಡಿದು ಹೊರಟವಳು ಬೇಲಿಯ ಬಳಿ ನಿಂತು, ನನ್ನನ್ನೇ ನೋಡಿ ‘ಆದ್ಯೂ’ ಎನ್ನುತ್ತಿದ್ದಳು. ನಮ್ಮ ಕೊಂಕಣಿಯಲ್ಲೂ ಆ ಮಾತು ಉಂಟು, ಪೋರ್ಚುಗೀಸರಿಂದ ಬಂದ ‘ಆದೆವ್ಸ್’. ಅದು ಕೊನೆಯ ವಿದಾಯ. ಬಂದರಿನಲ್ಲಿ ಮುಂಬಯಿಯ ಹಡಗಿಗೆ ದೋಣಿ ಹತ್ತುವಾಗ ಅದು ನನ್ನ ಬಾಯಿಗೆ ಬಂದಿತ್ತು. ಅಮ್ಮ ತಡೆದಿದ್ದಳು.

“ಆದೆವ್ಸ್ ಹೇಳ್ಬೇಡ ಮಗಾ, ಅದು ತಿರುಗಿ ಬಾರದವರು ಹೇಳುದು. ‘ಯೆತಾಂ’ ಹೇಳು, ಬರ್ತೇನೆ ಅಂತ.”

ಫ್ರೆಂಚ್ ಬಲ್ಲ ನಮ್ಮವರನ್ನು ಕೇಳಿದೆ. ಶಾಲೆಯಲ್ಲಿ ಬಹುಮಾನ ಪಡೆದವರು, ಅನುಮಾನಿಸಲೇ ಇಲ್ಲ. “ಅಂದ್ರೆ ಇನ್ನು ಮುಖ ನೋಡುದು ಬೇಡ ಅಂತ. ಅವಳಿಗೆ ನಮ್ಮ ಬಣ್ಣ ಆಗುದಿಲ್ಲ, ಎಂತ ಮಾಡುದು?”

ಅಂದಿನಿಂದ ಮಾರ್ತ್ ಬೇಲಿಯ ಬಳಿ ಬಂದರೆ ನಾನು ಕಿಟಕಿ ಮುಚ್ಚುತ್ತಿದ್ದೆ. ಒಮ್ಮೆ ಅವಳು ಎಲೆಯಲ್ಲಿ ಸುತ್ತಿದ ಅಣಬೆಗಳನ್ನು ಮೆಟ್ಟಿಲ ಮೇಲೆ ಇಟ್ಟು ಹೋದಳು. ವಿಷವಿರಬಹುದೆಂದು ಅವಳಿಗೆ ಕಾಣುವಂತೆಯೇ ಹೊರಗೆಸೆದೆ. ನೆನೆದರೆ ಈಗಲೂ ನಾಚಿಕೆಯಾಗುತ್ತದೆ. ಎರಡನೆಯ ಚಳಿಗಾಲದ ಹೊತ್ತಿಗೆ ಅವಳು ಬೇಲಿಯ ಬಳಿ ನಿಲ್ಲುವುದನ್ನು ಬಿಟ್ಟಳು. ಗೆದ್ದೆ ಎಂದುಕೊಂಡೆ.

ಆಮೇಲೊಂದು ದಿನ ಮೊದಲ ಬಾರಿ ಒಬ್ಬಳೇ ರೊಟ್ಟಿಯಂಗಡಿಗೆ ಹೋದೆ. ಬಾಗಿಲು ತೆರೆದದ್ದೇ ಅಂಗಡಿಯವಳು ನಗುತ್ತ ‘ಆದ್ಯೂ’ ಎಂದಳು. ನಾನು ಹಿಂದಿರುಗಿ ಹೊರಟೆ. ಅವಳು ಓಡಿಬಂದು ಕೈಹಿಡಿದಳು. ನನ್ನ ಹರುಕು ಫ್ರೆಂಚಿನಲ್ಲಿ, ಹೋಗು ಎಂದೆಯಲ್ಲ, ಎಂದೆ. ಅವಳು ಬಿಡಿಸಿ ಹೇಳಿದಳು. ಈ ಸೀಮೆಯಲ್ಲಿ ಬಂದವರಿಗೂ ಅದೇ ಮಾತು, ಹೋಗುವವರಿಗೂ ಅದೇ. ಅದೂ ತಮ್ಮವರು ಎಂದುಕೊಂಡವರಿಗೆ ಮಾತ್ರ. ಪರಕೀಯರಿಗೆ ಪುಸ್ತಕದ ಫ್ರೆಂಚ್.

ರೊಟ್ಟಿಯನ್ನೂ ಕೊಳ್ಳದೆ ಓಡಿಬಂದೆ. ಮಾರ್ತ್ ಅಂಗಳದಲ್ಲಿ ಕುಡಿಕೆ ತೊಳೆಯುತ್ತಿದ್ದಳು. ಬೇಲಿ ಹಿಡಿದು, ಏದುಸಿರಿನಲ್ಲೇ ‘ಆದ್ಯೂ, ಮಾರ್ತ್’ ಎಂದೆ.

ಅವಳು ತಲೆಯೆತ್ತಿದಳು. ಒದ್ದೆ ಕೈಯನ್ನು ನಿಧಾನವಾಗಿ ಒರೆಸಿಕೊಂಡಳು. “ಬೋಂಜೂರ್, ಮದಾಮ್,” ಎಂದು ಮರ್ಯಾದೆಯಿಂದ ಹೇಳಿ ಒಳಗೆ ಹೋದಳು. ಅದು ಪುಸ್ತಕದ ಫ್ರೆಂಚ್.

ಇದಾಗಿ ಆರು ವರ್ಷ. ದಿನವೂ ಬೆಳಿಗ್ಗೆ ಬೇಲಿಯ ಬಳಿ ನಿಂತು ‘ಆದ್ಯೂ’ ಎನ್ನುತ್ತೇನೆ. ದಿನವೂ ಅದೇ ಬೋಂಜೂರ್ ಸಿಗುತ್ತದೆ. ಮನೆಯೊಳಗೆ ಬಂದು ಅಮ್ಮನಿಗೆ ಕಾಗದ ಬರೆದರೆ ಕೊನೆಯಲ್ಲಿ ತಪ್ಪದೆ ‘ಯೆತಾಂ’ ಎಂದು ಬರೆಯುತ್ತೇನೆ. ಯಾವಾಗ ಬರ್ತೀ ಎಂದು ಅಮ್ಮ ಈಗ ಕೇಳುವುದಿಲ್ಲ.