ಬಡ್ಡಿ ಏರಿದ ಖುಷಿಗೆ ಮೈಸೂರು ಪಾಕು

ಸ್ನೇಹಿತರೇ, ಬೆಳಿಗ್ಗೆ ನಮ್ಮವರು ಬಿಡದಿ ಫ್ಯಾಕ್ಟರಿಯ ನೈಟ್ ಶಿಫ್ಟ್ ಮುಗಿಸಿ ಮೈಸೂರು ಪಾಕು ಹಿಡಿದು ಬಂದರು. "ಬಡ್ಡಿ ಏರ್ತಾ ಐತೆ ಕಣೇ, ಗೆದ್ವಿ!" ಮಗಳ ಎಲ್‌ಕೆಜಿ ಫೀಸನ್ನು ಮಾರ್ಜಿನ್, ಅಂದರೆ ಮುಂಗಡ ಠೇವಣಿ, ಅಂತ ಕಟ್ಟಿ, ಬೆಲೆ ಏರುತ್ತದೆಂದು ಸರ್ಕಾರಿ ಬಾಂಡಿನ ಫ್ಯೂಚರ್ಸ್, ಅಂದರೆ ಮುಂದಿನ ತಾರೀಖಿನ ಸೌದೆ, ಕೊಂಡಿದ್ದಾರಂತೆ!

"ರೀ, ಬಡ್ಡಿ ಏರಿದ್ರೆ ಬಾಂಡಿನ ಬೆಲೆ ಇಳಿಯುತ್ತೆ."

"ನೀನು ಬಿ.ಕಾಂ ಓದಿದ್ದೀಯಾ ಅಂತ ನನ್ನ ಹೆದರಿಸ್ಬೇಡ."

ರೇಷ್ಮೆಗೂಡಿನ ಮಾರ್ಕೆಟ್‌ಗೆ ಹೊರಟಿದ್ದ ಮಾವ ಬಾಗಿಲಲ್ಲೇ ನಿಂತರು. "ಲೇ, ಒಳ್ಳೆ ಬಿಳಿ ಗೂಡು ಬಂದ ದಿನ ಹಳದಿ ಗೂಡಿಗೆ ಅದೇ ರೇಟು ಯಾವನ್ಲಾ ಕೂಗ್ತಾನೆ? ಹೊಸ ಬಾಂಡು ಜಾಸ್ತಿ ಬಡ್ಡಿ ಕೊಟ್ರೆ ಹಳೇದ್ರ ಗತಿನೂ ಅಷ್ಟೇ ಕಣ್ಲಾ. ಮೊದ್ಲು ಮಾರ್ಬುಟ್ಟು ಈಚೆಗೆ ಬಾ."

ಅಷ್ಟರಲ್ಲಿ ಫೋನಿಗೆ ಮೆಸೇಜ್ ಬಂತು: ಮಾರ್ಜಿನ್ ಸಾಲದು, ಇನ್ನಷ್ಟು ಹಣ ಹಾಕಿ. ನಮ್ಮವರ ಮುಖ ಬಿಳಿಚಿಕೊಂಡಿತು. ನಿಂತಲ್ಲೇ ಎಲ್ಲ ಮಾರಿದರು. ಫೀಸಿನಲ್ಲಿ ಅರ್ಧ ಮಾತ್ರ ಉಳಿಯಿತು.

ನಾಳೆ ಶಾಲೆಗೆ ಹೋಗಿ ಕಂತಿನಲ್ಲಿ ಕಟ್ಟಲು ಬಿಡುತ್ತೀರಾ ಎಂದು ಕೇಳಬೇಕಾದವಳು ನಾನು. ಏನು ಹೇಳಬೇಕೆಂದು ಈಗಿನಿಂದಲೇ ಮನಸ್ಸಿನಲ್ಲಿ ಹತ್ತು ಸಲ ಹೇಳಿಕೊಂಡಿದ್ದೇನೆ. ಪಕ್ಕದಲ್ಲಿ ನಮ್ಮವರು ಗೊರಕೆ ಹೊಡೆಯುತ್ತಿದ್ದಾರೆ. ಹಣ ಕಳೆದವರಿಗೆ ಇಷ್ಟು ಬೇಗ ನಿದ್ದೆ ಬರುತ್ತದೆಂದು ಬಿ.ಕಾಂನಲ್ಲಿ ನಮಗೆ ಯಾರೂ ಕಲಿಸಿರಲಿಲ್ಲ.